ಡಿಸೆಂಬರಿನ ತೆಂಗಿನೆಣ್ಣೆ

ಎಕ್ಸಿಲೇಟರ್ ಕೇಬಲ್ಲಿಗೆ ಎರಡೇ ಹನಿ ಎಣ್ಣೆ ಸಾಕು, ಅದೂ ಇಂಜಿನ್ ಎಣ್ಣೆ. ಕಾಪುವಿನ ಹೆದ್ದಾರಿ ಬದಿಯ ಗ್ಯಾರೇಜಿನ ಮೆಕ್ಯಾನಿಕ್ ಇದನ್ನು ನನಗೆ ಮೊದಲ ತಿಂಗಳಲ್ಲೇ ಹೇಳಿಕೊಟ್ಟಿದ್ದರು. ಗೊತ್ತಿಲ್ಲದೆ ಮಾಡಿದ ತಪ್ಪು ಎಂದು ನಾನು ಹೇಳುವ ಹಾಗಿಲ್ಲ. ಅದಕ್ಕಾಗಿ ಇದನ್ನು ಎಲ್ಲಕ್ಕಿಂತ ಮೊದಲು ಬರೆದಿದ್ದೇನೆ.

ಗಾಡಿ ನನ್ನ ತಮ್ಮನದು. ತೊಂಬತ್ತೊಂಬತ್ತರ ಮಳೆಗಾಲ ಮುಗಿದ ಮೇಲೆ ಪಡುಬಿದ್ರಿಯಿಂದ ತಂದದ್ದು. ನೂರು ಸಿಸಿಯ, ನಾಲ್ಕು ಸ್ಟ್ರೋಕಿನ ಹಳೆಯ ಬೈಕು. ಅವನ ಕೈಗೆ ಬರುವಾಗಲೇ ಮೂರು ಜನ ಓಡಿಸಿ ಬಿಟ್ಟಿದ್ದರು. ಟ್ಯಾಂಕಿನ ಕೆಂಪು ಬಣ್ಣ ಬಿಸಿಲಿಗೆ ಹಂಚಿನ ಬಣ್ಣಕ್ಕೆ ತಿರುಗಿತ್ತು. ತಮ್ಮನಿಗೆ ನಿಟ್ಟೆಯ ಒಂದು ಹಾಸ್ಟೆಲ್ ಮೆಸ್ಸಿನಲ್ಲಿ ಅಡಿಗೆ ಕೆಲಸ. ಬೆಳಿಗ್ಗೆ ಐದೂವರೆಗೆ ಇಡ್ಲಿ ಹಿಟ್ಟು ತಟ್ಟೆಗೆ ಬೀಳಬೇಕು. ಕಾಪುವಿನಿಂದ ಶಿರ್ವ, ಬೆಳ್ಮಣ್ಣು ದಾಟಿ ಅಷ್ಟು ಹೊತ್ತಿಗೆ ತಲುಪಿಸುವ ಬಸ್ಸು ಇರಲಿಲ್ಲ. ಗಾಡಿ ನಿಂತರೆ ಅವನ ಕೆಲಸವೂ ನಿಂತ ಹಾಗೆ.

ಅದು ವಾರಕ್ಕೊಮ್ಮೆಯಾದರೂ ನಿಲ್ಲುತ್ತಿತ್ತು. ತಮ್ಮ ಮಧ್ಯಾಹ್ನ ಬಂದು ಮಲಗಿದರೆ ಸಂಜೆವರೆಗೆ ಏಳುತ್ತಿರಲಿಲ್ಲ. ಅಪ್ಪ ನಾವು ಸಣ್ಣವರಿರುವಾಗಲೇ ತೀರಿಕೊಂಡಿದ್ದರು. ಅಮ್ಮನೂ ನಾನೂ ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದೆವು. ಹಾಗಾಗಿ ಗಾಡಿಯನ್ನು ದೂಡಿಕೊಂಡು ಗ್ಯಾರೇಜಿಗೆ ಹೋಗುವ ಕೆಲಸ ನನ್ನ ಪಾಲಿಗೆ ಬಂತು.

“ಎಂತ ಮಾರಾಯ್ತಿ, ಪುನಃ ದನ ಅಟ್ಟಿಕೊಂಡು ಬಂದ ಹಾಗೆ ಬಂದಿಯಲ್ಲ?” ಎಂದು ಮೆಕ್ಯಾನಿಕ್ ಕೇಳುತ್ತಿದ್ದರು. ನಮ್ಮ ಅಪ್ಪನ ಪ್ರಾಯದವರು, ಆದರೂ ಎಲ್ಲರೂ ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದದ್ದು.

“ಸ್ಟಾರ್ಟ್ ಆಗುವುದಿಲ್ಲ ಅಣ್ಣ.”

“ತಮ್ಮ ಎಲ್ಲಿ?”

“ಮಲಗಿದ್ದಾನೆ.”

“ಹಾಗಾದರೆ ಅವನಿಗಿಂತ ಈ ಗಾಡಿ ವಾಸಿ. ದೂಡಿದರಾದರೂ ಬರುತ್ತದೆ.”

ಆ ದಿನ ಅವರು ಪ್ಲಗ್ ಬಿಚ್ಚಿ ನನ್ನ ಅಂಗೈಯಲ್ಲಿಟ್ಟರು. ತುದಿಯೆಲ್ಲ ಮಸಿ. ಉಪ್ಪು ಕಾಗದದಲ್ಲಿ ಉಜ್ಜಲು ಹೇಳಿದರು. ಉಜ್ಜಿದೆ. ಹಾಕಿ ಕಿಕ್ ಹೊಡೆದರೆ ಎರಡನೇ ಏಟಿಗೆ ಸ್ಟಾರ್ಟ್ ಆಯಿತು. “ಇಷ್ಟಕ್ಕೆ ನೀನು ಇಲ್ಲಿವರೆಗೆ ದೂಡಿಕೊಂಡು ಬರಬೇಕಾ? ಬೀಡಿ ಕಟ್ಟುವ ಕೈ ಅಲ್ವಾ ನಿನ್ನದು. ನನ್ನ ಕೈಗಿಂತ ಚುರುಕು. ಕಲಿತುಕೋ,” ಎಂದರು.

ಕಲಿತೆ. ಮೊದಲು ಪ್ಲಗ್, ಆಮೇಲೆ ಚೈನ್ ಬಿಗಿ ಮಾಡುವುದು, ಎಣ್ಣೆ ಬದಲಿಸುವುದು, ಬ್ರೇಕಿನ ಲೈನರ್ ಹಾಕುವುದು. ನಮ್ಮದು ಕಡಲಿನ ಗಾಳಿ ಬೀಸುವ ಜಾಗ. ಒಂದು ತಿಂಗಳು ಮುಟ್ಟದಿದ್ದರೆ ನಟ್ಟಿನ ಮೂಲೆಗಳೇ ತುಕ್ಕು ಹಿಡಿದು ಸವೆದುಹೋಗುತ್ತಿದ್ದವು. ಒಮ್ಮೆ ನಾನು ಬಲ ಹಾಕಿ ತಿರುಗಿಸಿ ಇಂಜಿನ್ ಕೆಳಗಿನ ಎಣ್ಣೆ ಬೋಲ್ಟಿನ ಥ್ರೆಡ್ಡನ್ನೇ ಹಾಳು ಮಾಡಿದೆ. ಮೆಕ್ಯಾನಿಕ್ ಬೈಯಲಿಲ್ಲ. “ನೀನು ಬೀಡಿಗೆ ನೂಲು ಸುತ್ತುವಾಗ ಎಷ್ಟು ಬಿಗಿ ಮಾಡುತ್ತಿ? ಹೆಚ್ಚು ಎಳೆದರೆ ಎಲೆ ಹರಿಯುತ್ತದೆ, ಕಡಿಮೆಯಾದರೆ ಬಿಚ್ಚಿಕೊಳ್ಳುತ್ತದೆ. ಇದೂ ಅಷ್ಟೇ,” ಎಂದರು. ಆ ಮಾತಿನ ನಂತರ ನನ್ನ ಕೈಯಲ್ಲಿ ಒಂದು ಬೋಲ್ಟೂ ಹಾಳಾಗಲಿಲ್ಲ. ಎರಡು ವರ್ಷ ಆಗುವಾಗ ಕಾರ್ಬುರೇಟರ್ ಪೂರ್ತಿ ಬಿಚ್ಚಿ ತೊಳೆದು ಕೂರಿಸುವಷ್ಟು ಕಲಿತಿದ್ದೆ.

ಅಮ್ಮನಿಗೆ ಬೇಸರವಿತ್ತು. ಹೆಣ್ಣುಮಗಳ ಉಗುರಿನೊಳಗೆ ಗ್ರೀಸು ಇರುವುದನ್ನು ಕಂಡವರು ಏನು ಹೇಳುತ್ತಾರೆ ಎಂದು. ಸಂಜೆ ನನ್ನ ಕೈಗೆ ಅವಳೇ ತೆಂಗಿನೆಣ್ಣೆ ಹಚ್ಚಿ, ಮೇಲೆ ಹಿಡಿ ಉಪ್ಪು ಹಾಕಿ ತಿಕ್ಕಿ ತೊಳೆಯುತ್ತಿದ್ದಳು. ಆದರೆ ಬೀಡಿ ಕೊಡಲು ಬ್ರಾಂಚಿಗೆ ಹೋದಾಗ ಅಲ್ಲಿಯ ಹೆಂಗಸರಿಗೆ ಹೇಳುತ್ತಿದ್ದದ್ದೂ ಅವಳೇ: “ನಮ್ಮ ಗಾಡಿಗೆ ಗ್ಯಾರೇಜ್ ಬೇಡ. ನನ್ನ ಮಗಳೇ ಮಾಡುತ್ತಾಳೆ.” ಆ ಹೆಂಗಸರು ನನ್ನನ್ನು ಲೇಡಿ ಮೆಕ್ಯಾನಿಕ್ ಎಂದು ತಮಾಷೆ ಮಾಡುತ್ತಿದ್ದರು. ನನಗೆ ಅದು ತಮಾಷೆಯಾಗಿ ಕೇಳುತ್ತಿರಲಿಲ್ಲ. ಶಾಲೆ ಬಿಟ್ಟ ಮೇಲೆ ನನಗೆ ಯಾರಾದರೂ ಕೊಟ್ಟ ಹೆಸರು ಅದೊಂದೇ.

ಎರಡು ಸಾವಿರದ ಒಂದರ ನವೆಂಬರಿನಲ್ಲಿ ಮೆಕ್ಯಾನಿಕ್ ಗಾಡಿಯ ಎಕ್ಸಿಲೇಟರನ್ನು ತಿರುಗಿಸಿ ಬಿಟ್ಟು ನೋಡಿದರು. ಅದು ಮರಳಿ ಬಂತು, ಆದರೆ ಸ್ವಲ್ಪ ಸೋಮಾರಿತನ ಮಾಡಿ ಬಂತು. ಕಾರ್ಬುರೇಟರಿನೊಳಗೆ ಒಂದು ಸ್ಲೈಡ್ ಇರುತ್ತದೆ. ಎಕ್ಸಿಲೇಟರ್ ತಿರುಗಿಸಿದಾಗ ಕೇಬಲ್ ಅದನ್ನು ಮೇಲೆ ಎಳೆಯುತ್ತದೆ. ಬಿಟ್ಟಾಗ ಕೆಳಗೆ ತಳ್ಳುವುದು ಅದರ ಮೇಲಿನ ಸ್ಪ್ರಿಂಗು ಮಾತ್ರ. ಕೇಬಲ್ಲಿಗೆ ಎಳೆಯಲು ಗೊತ್ತೇ ಹೊರತು ತಳ್ಳಲು ಗೊತ್ತಿಲ್ಲ.

“ಸ್ಪ್ರಿಂಗ್ ಸೋತಿದೆ. ಉಡುಪಿಯಿಂದ ತರಿಸಿ ಇಡುತ್ತೇನೆ. ಮುಂದಿನ ವಾರ ಬಾ,” ಎಂದರು ಮೆಕ್ಯಾನಿಕ್.

ನಾನು ಮನೆಗೆ ಬಂದು ಸ್ಪ್ರಿಂಗನ್ನು ಹೊರತೆಗೆದು, ಎರಡು ಕೈಯಿಂದ ಎಳೆದು ಒಂದು ಬೆರಳಿನಷ್ಟು ಉದ್ದ ಮಾಡಿ ಮತ್ತೆ ಹಾಕಿದೆ. ಎಕ್ಸಿಲೇಟರ್ ಟಕ್ ಎಂದು ಮರಳಿ ಬಂತು. ಇಷ್ಟಕ್ಕೆ ಹೊಸತು ಯಾಕೆ ಎಂದುಕೊಂಡೆ. ಮುಂದಿನ ವಾರ ಗ್ಯಾರೇಜಿಗೆ ಹೋಗಲಿಲ್ಲ, ಅದರ ಮುಂದಿನ ವಾರವೂ ಹೋಗಲಿಲ್ಲ.

ಡಿಸೆಂಬರಿನಲ್ಲಿ ಹೆಬ್ರಿಯ ಹತ್ತಿರ ಚಿಕ್ಕಮ್ಮನ ಹೊಸ ಮನೆಯ ಒಕ್ಕಲು ಇತ್ತು, ಭಾನುವಾರ. ಬೆಳಿಗ್ಗೆ ಏಳೂವರೆಯ ಮುಹೂರ್ತ. ಅಮ್ಮನಿಗೆ ಬಸ್ಸಿನಲ್ಲಿ ಕೂತರೆ ವಾಂತಿ. ತಮ್ಮನ ಹಿಂದೆಯೇ ಗಾಡಿಯಲ್ಲಿ ಹೋಗುತ್ತೇನೆ ಎಂದಳು. ನಾನು ಬಸ್ಸಿನಲ್ಲಿ ಆಮೇಲೆ ಹೋಗುವುದು ಎಂದಾಯಿತು.

ದೂರದ ದಾರಿ, ಅಮ್ಮ ಕೂರುವ ಗಾಡಿ ಎಂದು ಶನಿವಾರ ಮಧ್ಯಾಹ್ನ ನಾನು ಪೂರ್ತಿ ಸರ್ವಿಸ್ ಮಾಡಿದೆ. ಇಂಜಿನ್ ಎಣ್ಣೆ ಬದಲಿಸಿದೆ. ಚೈನಿಗೆ ಗ್ರೀಸು, ಎರಡೂ ಬ್ರೇಕು, ಚಕ್ರದ ಗಾಳಿ ಎಲ್ಲ ನೋಡಿದೆ. ಕೊನೆಗೆ ಎಕ್ಸಿಲೇಟರ್ ಕೇಬಲ್. ಒಳಗಿನ ತಂತಿ ಒಣಗಿ ಕರಕರ ಎನ್ನುತ್ತಿತ್ತು. ಎಣ್ಣೆ ಹಾಕಬೇಕು ಎಂದು ಡಬ್ಬಿ ಎತ್ತಿದರೆ ಖಾಲಿ. ಇದ್ದದ್ದನ್ನೆಲ್ಲ ಇಂಜಿನ್ನಿಗೆ ಸುರಿದಿದ್ದೆ.

ಗ್ಯಾರೇಜು ಹತ್ತು ನಿಮಿಷದ ದಾರಿ. ಸಣ್ಣ ಕುಪ್ಪಿಯಲ್ಲಿ ಎರಡು ಹನಿ ಕೇಳಿದ್ದರೆ ಮೆಕ್ಯಾನಿಕ್ ಕೊಡುತ್ತಿದ್ದರು. ಆದರೆ ಸ್ಪ್ರಿಂಗ್ ಎಲ್ಲಿ ಮಾರಾಯ್ತಿ, ಯಾಕೆ ಬರಲಿಲ್ಲ ಎಂದು ಕೇಳುತ್ತಿದ್ದರು. ಎಳೆದು ಹಾಕಿದೆ ಎಂದು ಹೇಳಬೇಕಾಗುತ್ತಿತ್ತು. ನಾನು ಹೋಗಲಿಲ್ಲ.

ನಮ್ಮ ಮನೆಯಲ್ಲಿ ಬಾಗಿಲಿನ ತಿರುಗಣೆಗೆ ಹಾಕುವುದು ತೆಂಗಿನೆಣ್ಣೆ, ಬೀಡಿ ಎಲೆ ಕತ್ತರಿಸುವ ಕತ್ತರಿಗೆ ಹಾಕುವುದು ತೆಂಗಿನೆಣ್ಣೆ. ನಾನು ಕೇಬಲಿನ ಮೇಲಿನ ತುದಿ ಬಿಚ್ಚಿ, ಒಂದು ಬೀಡಿ ಎಲೆಯನ್ನು ಕೊಳವೆಯ ಹಾಗೆ ಸುತ್ತಿ, ಕೇಬಲಿನ ಬಾಯಿಗೆ ನೂಲಿನಿಂದ ಕಟ್ಟಿದೆ. ಅಡುಗೆಮನೆಯ ಕುಪ್ಪಿಯಿಂದ ಎಣ್ಣೆ ಹೊಯ್ದೆ. ಎರಡು ಹನಿಗೆ ನಿಲ್ಲಿಸಲಿಲ್ಲ. ಇನ್ನೊಂದು ತುದಿಯಲ್ಲಿ ತೊಟ್ಟಿಕ್ಕುವ ತನಕ ಹೊಯ್ದೆ. ಬಿಸಿಲು ಕಾಯುತ್ತಿತ್ತು. ತಂತಿ ಒಳಗೆ ಮೀನಿನ ಹಾಗೆ ಜಾರಿತು.

ತಮ್ಮ ಎದ್ದು ಬಂದು ತಿರುಗಿಸಿ ನೋಡಿದ. “ಬೆಣ್ಣೆಯ ಹಾಗೆ ಉಂಟಲ್ಲ ಅಕ್ಕ,” ಎಂದ. ಎಂತ ಹಾಕಿದ್ದು ಎಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಭಾನುವಾರ ಐದೂವರೆಗೆ ಹೊರಡುವಾಗ ಚಳಿ ಇತ್ತು. ಕಾಪುವಿನಲ್ಲಿ ವರ್ಷಕ್ಕೆ ಹದಿನೈದು ಇಪ್ಪತ್ತು ದಿನ ಮಾತ್ರ ಬರುವ ಚಳಿ. ಅಮ್ಮ ಸೀರೆ ಉಟ್ಟು ತಲೆ ಬಾಚಲು ಕೂತು, “ಮಗಾ, ಎಣ್ಣೆ ಬೀಳುವುದಿಲ್ಲ, ಗಟ್ಟಿಯಾಗಿದೆ. ಸ್ವಲ್ಪ ಒಲೆಯ ಹತ್ತಿರ ಇಟ್ಟು ತಾ,” ಎಂದು ಕುಪ್ಪಿಯನ್ನು ನನ್ನ ಕೈಗೆ ಕೊಟ್ಟಳು. ನಾನು ಬಚ್ಚಲು ಒಲೆಯ ಕಟ್ಟೆಯ ಮೇಲೆ ಇಟ್ಟೆ. ಅಂಚು ಕರಗಿದ ಮೇಲೆ ತಂದುಕೊಟ್ಟೆ. ಅವಳು ತಲೆಗೆ ಹಚ್ಚಿಕೊಂಡಳು. ನನ್ನ ತಲೆಗೆ ಆಗ ಏನೂ ಹೊಳೆಯಲಿಲ್ಲ.

ಅಂಗಳದಲ್ಲಿ ತಮ್ಮ ಸ್ಟಾರ್ಟ್ ಮಾಡಿದವನು, “ಇವತ್ತು ಎಕ್ಸಿಲೇಟರ್ ಸ್ವಲ್ಪ ಟೈಟ್ ಉಂಟು ಅಕ್ಕ,” ಎಂದ.

“ಹೊಸ ಎಣ್ಣೆ ಅಲ್ವಾ. ಓಡುವಾಗ ಸರಿಯಾಗುತ್ತದೆ,” ಎಂದೆ.

ಅಮ್ಮ ಹಿಂದೆ ಕೂತು, ಮಡಿಲಲ್ಲಿ ಹಣ್ಣಿನ ಚೀಲ ಇಟ್ಟುಕೊಂಡು, ಒಂದು ಕೈಯಿಂದ ಅವನ ಹೆಗಲು ಹಿಡಿದಳು. ಗೇಟು ಹಾಕಿಕೋ ಎಂದಳು. ಅವಳು ನನಗೆ ಹೇಳಿದ ಕೊನೆಯ ಮಾತು ಅದು.

ಉಡುಪಿ, ಮಣಿಪಾಲ ದಾಟಿ, ಪೆರ್ಡೂರು ಕಳೆದ ಮೇಲೆ ಚಳಿ ಇನ್ನೂ ಹೆಚ್ಚು. ಮಂಜು ಬೇರೆ. ಹೆಬ್ರಿಗೆ ಸ್ವಲ್ಪ ಮೊದಲು ಒಂದು ಇಳಿಜಾರಿನ ತಿರುವು ಉಂಟು. ಅಲ್ಲಿ ಗಾಡಿ ನಿಧಾನವಾಗಲಿಲ್ಲ. ತಮ್ಮ ಬ್ರೇಕ್ ತುಳಿದ. ಚಕ್ರ ಹಿಡಿಯಿತು, ಆದರೆ ಇಂಜಿನ್ ಎಳೆಯುತ್ತಲೇ ಇತ್ತು. ಗಾಡಿ ಮೋರಿಯ ಕಟ್ಟೆಗೆ ಹೊಡೆಯಿತು. ತಮ್ಮನ ಬಲಗೈಯ ಮಣಿಕಟ್ಟು ಮತ್ತು ಹೆಗಲ ಎಲುಬು ಮುರಿಯಿತು. ಅಮ್ಮನ ತಲೆ ಕಲ್ಲಿಗೆ ಬಡಿದಿತ್ತು. ಮಣಿಪಾಲದ ಆಸ್ಪತ್ರೆಗೆ ನಾನು ತಲುಪುವಷ್ಟರಲ್ಲಿ ಅವಳು ಇರಲಿಲ್ಲ.

ತಮ್ಮ ಮಂಚದ ಮೇಲಿದ್ದ. ನನ್ನನ್ನು ಕಂಡವನು ಅಳಲಿಲ್ಲ. ಸೂರು ನೋಡುತ್ತ ಒಂದೇ ಮಾತು ಹೇಳುತ್ತಿದ್ದ. “ನಾನು ಎಕ್ಸಿಲೇಟರ್ ಬಿಟ್ಟೆ ಅಂತ ಕಾಣುತ್ತದೆ ಅಕ್ಕ. ಬಿಟ್ಟೆನೋ ಇಲ್ಲವೋ ಗೊತ್ತಾಗುವುದಿಲ್ಲ. ಕ್ಲಚ್ ಹಿಡಿಯಬಹುದಿತ್ತು. ಕೀ ತಿರುಗಿಸಬಹುದಿತ್ತು. ಬಿಟ್ಟೆನೋ ಇಲ್ಲವೋ.”

ನನಗೂ ಆಗ ಗೊತ್ತಿರಲಿಲ್ಲ. ಗೊತ್ತಾದದ್ದು ಅಮ್ಮನನ್ನು ಸುಟ್ಟ ಮರುದಿನ ಬೆಳಿಗ್ಗೆ. ಅವಳನ್ನು ಮಲಗಿಸಿದ್ದ ಜಾಗದಲ್ಲಿ ದೀಪ ಆರದ ಹಾಗೆ ನೋಡಿಕೊಳ್ಳುವ ಕೆಲಸ ನನ್ನದಾಗಿತ್ತು. ಎಣ್ಣೆ ಕಡಿಮೆಯಾಗಿದೆ ಎಂದು ಕುಪ್ಪಿ ತಂದು ಬಗ್ಗಿಸಿದೆ. ಎಣ್ಣೆ ಬೀಳಲಿಲ್ಲ. ಕುಪ್ಪಿಯನ್ನು ಪೂರ್ತಿ ಕೆಳಮುಖ ಮಾಡಿದೆ. ಬೆಳ್ಳಗೆ, ಹಂದಾಡದೆ ಒಳಗೇ ನಿಂತಿತ್ತು. ನಾನು ಕುಪ್ಪಿಯನ್ನು ಹಾಗೆಯೇ ಹಿಡಿದುಕೊಂಡು ಎಷ್ಟು ಹೊತ್ತು ಕೂತೆನೋ ತಿಳಿಯದು. ನೆರೆಮನೆಯವರು ಬಂದು, “ದೀಪ ಆರುತ್ತಾ ಉಂಟು, ಎಂತ ನೋಡುವುದು?” ಎಂದು ಕುಪ್ಪಿಗೆ ಕಡ್ಡಿ ಹಾಕಿ ಕೆದಕಿ ಎಣ್ಣೆ ತೆಗೆದು ದೀಪಕ್ಕೆ ಹಾಕಿದರು.

ಅದೇ ವಾರ ಗಾಡಿಯ ತಪಾಸಣೆ ಇತ್ತು. ಗಾಡಿ ಹೆಬ್ರಿಯ ಠಾಣೆಯ ಅಂಗಳದಲ್ಲಿತ್ತು. ತಮ್ಮ ಆಸ್ಪತ್ರೆಯಲ್ಲಿ. ಗಾಡಿಯ ವಿಷಯ ಗೊತ್ತಿರುವವಳು ನಾನೇ ಎಂದು ಮಾವ, ಅಂದರೆ ಅಮ್ಮನ ಅಣ್ಣ, ನನ್ನನ್ನು ಕರೆದುಕೊಂಡು ಹೋದರು. ಬ್ರೇಕ್ ಇನ್‌ಸ್ಪೆಕ್ಟರ್ ಬರುವಾಗ ಮಧ್ಯಾಹ್ನ ಹನ್ನೆರಡೂವರೆ. ಗಾಡಿ ಬೆಳಿಗ್ಗೆಯಿಂದ ಬಿಸಿಲಿನಲ್ಲಿತ್ತು. ಎದುರಿನ ಫೋರ್ಕು ಬಾಗಿತ್ತು, ರಿಮ್ಮು ಹಪ್ಪಳದ ಹಾಗೆ ಮಡಚಿತ್ತು. ಎಕ್ಸಿಲೇಟರಿಗೆ ಏನೂ ಆಗಿರಲಿಲ್ಲ. ಅವರು ಅದನ್ನು ಪೂರ್ತಿ ತಿರುಗಿಸಿ ಬಿಟ್ಟರು. ಟಕ್ ಎಂದಿತು. ಇನ್ನೊಮ್ಮೆ ಮಾಡಿದರು. ಟಕ್. ಕಾಗದದಲ್ಲಿ ಏನೋ ಬರೆದುಕೊಂಡರು.

ಸರ್, ಇದನ್ನು ಬೆಳಿಗ್ಗೆ ಚಳಿಗೆ ನೋಡಬೇಕು ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು.

“ಗಾಡಿಯಲ್ಲಿ ಏನೂ ದೋಷ ಇಲ್ಲ ಅಲ್ವಾ ಸರ್?” ಎಂದು ಮಾವ ಕೇಳಿದರು.

“ಏನೂ ಇಲ್ಲ. ಚೆನ್ನಾಗಿ ಮೇಂಟೈನ್ ಮಾಡಿದ್ದಾರೆ.”

ಮಾವ ನನ್ನ ಬೆನ್ನು ತಟ್ಟಿದರು.

ಅಮ್ಮನ ಉತ್ತರಕ್ರಿಯೆ, ಬೊಜ್ಜದ ದಿನ ಊಟದ ಎಲೆಯ ಮುಂದೆ ಮಾವ ಹೇಳಿದರು: “ಈಗಿನವರಿಗೆ ತಿರುಗಿಸಲಿಕ್ಕೆ ಮಾತ್ರ ಗೊತ್ತು, ಬಿಡ್ಲಿಕ್ಕೆ ಗೊತ್ತಿಲ್ಲ.” ತಮ್ಮ ಪಟ್ಟಿ ಕಟ್ಟಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಹೌದು ಎಂದು ತಲೆ ಆಡಿಸಿದ. ನಾನು ಸಾರು ಬಡಿಸುತ್ತಿದ್ದೆ. ಮುಂದಿನ ಎಲೆಗೆ ಹೋದೆ.

ಒಂದೂವರೆ ವರ್ಷದ ಮೇಲೆ ಕಾರ್ಕಳದ ಕೋರ್ಟಿನಲ್ಲಿ ಕೇಸು ಬಂತು. ವಕೀಲರು ವಾದ ಮಾಡೋಣ ಎಂದಿದ್ದರು. ತಮ್ಮ ಬೇಡ ಎಂದ. ಕಟಕಟೆಯಲ್ಲಿ ನಿಂತು, “ನನ್ನದೇ ತಪ್ಪು. ನಾನು ಎಕ್ಸಿಲೇಟರ್ ಬಿಡಲಿಲ್ಲ,” ಎಂದು ಒಪ್ಪಿಕೊಂಡ. ಬಿಟ್ಟೆನೋ ಇಲ್ಲವೋ ಎಂದು ಆಸ್ಪತ್ರೆಯಲ್ಲಿ ಹೇಳುತ್ತಿದ್ದವನು ಈಗ ಬಿಡಲಿಲ್ಲ ಎಂದೇ ನಂಬಿದ್ದ. ನಾನು ಹಿಂದಿನ ಬೆಂಚಿನಲ್ಲಿ ಕೂತು ಕೇಳಿದೆ. ಶಿಕ್ಷೆ ದೊಡ್ಡದಾಗಲಿಲ್ಲ. ಆದರೆ ಅವನು ಅಷ್ಟರಲ್ಲೇ ತನಗೆ ತಾನೇ ಶಿಕ್ಷೆ ಕೊಟ್ಟುಕೊಂಡಾಗಿತ್ತು. ಗಾಡಿ ಮುಟ್ಟುತ್ತಿರಲಿಲ್ಲ. ಆರೂವರೆಯ ಬಸ್ಸಿನಲ್ಲಿ ಹೋದರೆ ಅಡಿಗೆಗೆ ತಡ ಎಂದು ಮೆಸ್ಸಿನವರು ಅವನನ್ನು ಪಾತ್ರೆ ತೊಳೆಯುವ ಕೆಲಸಕ್ಕೆ ಹಾಕಿದರು. ಚಿಕ್ಕಮ್ಮ ಒಂದು ಸಂಬಂಧ ತಂದಾಗ, “ನನ್ನ ಹಿಂದೆ ಕೂತವರ ಗತಿ ಗೊತ್ತುಂಟಲ್ಲ,” ಎಂದು ಎದ್ದುಹೋದ.

ನಾನು ಯಾಕೆ ಹೇಳಲಿಲ್ಲ? ಮೊದಲು ಅವನ ಕೈ ಗುಣವಾಗಲಿ ಎಂದುಕೊಂಡೆ. ಆಮೇಲೆ ಕೇಸು ಮುಗಿಯಲಿ ಎಂದುಕೊಂಡೆ. ಇವೆಲ್ಲ ನೆಪ. ಮನೆಯಲ್ಲಿ ಉಳಿದದ್ದು ಅವನೊಬ್ಬ. ಹೇಳಿದರೆ ಅವನೂ ಉಳಿಯುವುದಿಲ್ಲ ಎಂಬ ಹೆದರಿಕೆ. ಅವನು ಅಮ್ಮನನ್ನು ಕೊಂದವನಾಗಿ ನನ್ನ ಜೊತೆ ಇರಲಿ, ನಾನು ಕೊಂದವಳಾಗಿ ಒಬ್ಬಳೇ ಇರುವುದು ಬೇಡ ಎಂದು ಮೂರು ವರ್ಷ ಬದುಕಿದೆ. ಇದಕ್ಕಿಂತ ಚೆಂದದ ಮಾತಿನಲ್ಲಿ ಹೇಳಲು ನನಗೆ ಬರುವುದಿಲ್ಲ.

ಠಾಣೆಯಿಂದ ಬಿಡಿಸಿ ತಂದ ಗಾಡಿ ಹಿತ್ತಿಲಿನ ಕೊಟ್ಟಿಗೆಯಲ್ಲಿ ಟಾರ್ಪಾಲಿನ ಕೆಳಗಿತ್ತು. ಮೂರನೇ ವರ್ಷದ ನವೆಂಬರಿನಲ್ಲಿ ಒಂದು ದಿನ ತಮ್ಮ ಊಟ ಮಾಡುತ್ತ, “ಅಕ್ಕ, ಗುಜರಿಯವನು ಬಂದರೆ ಅದನ್ನು ಕೊಟ್ಟುಬಿಡು. ಅಮ್ಮನ ತಿಥಿಗೆ ಮೊದಲು ಅದು ಮನೆಯಿಂದ ಹೋಗಲಿ,” ಎಂದ.

ಮರುದಿನವೇ ಗುಜರಿಯವನ ತಳ್ಳುಗಾಡಿ ಬಂತು. ನಾನು ಅವನನ್ನು ಕೊಟ್ಟಿಗೆಯವರೆಗೆ ಕರೆದುಕೊಂಡು ಹೋದೆ. ಟಾರ್ಪಾಲು ಎತ್ತಿದೆ. ಕೊಟ್ಟರೆ ಕೇಬಲ್ ಹೋಗುತ್ತದೆ, ಸ್ಪ್ರಿಂಗ್ ಹೋಗುತ್ತದೆ. ಆಮೇಲೆ ನಾನೇ ಹೇಳಿದರೂ ತಮ್ಮ ನಂಬಲಿಕ್ಕಿಲ್ಲ, ತನ್ನನ್ನು ಸಮಾಧಾನ ಮಾಡಲು ಅಕ್ಕ ಕಥೆ ಕಟ್ಟುತ್ತಾಳೆ ಎನ್ನುತ್ತಾನೆ. ನಾನು ಜೀವಮಾನ ಪೂರ್ತಿ ಪಾರು. ಗುಜರಿಯವನು ಚಕ್ರ ಒದ್ದು ನೋಡಿದ.

“ಕೊಡುವುದಿಲ್ಲ,” ಎಂದೆ.

“ಮತ್ತೆ ಯಾಕೆ ಅಕ್ಕ ನನ್ನನ್ನು ಬಿಸಿಲಿಗೆ ಇಲ್ಲಿವರೆಗೆ ಕರೆದದ್ದು?” ಎಂದು ಗೊಣಗುತ್ತ ಹೋದ.

ತಮ್ಮನಿಗೆ ಒಂದು ತಿಂಗಳು ಬಿಡು, ರಿಪೇರಿ ಮಾಡಿ ಯಾರಿಗಾದರೂ ಕೊಡೋಣ ಎಂದೆ. ಅವನು ನಿನ್ನಿಷ್ಟ ಎಂದ. ಬಾಯಲ್ಲಿ ಹೇಳುವ ಧೈರ್ಯ ನನಗಿರಲಿಲ್ಲ. ಗಾಡಿಯೇ ಹೇಳಲಿ ಎಂದು ನನ್ನ ಯೋಚನೆ. ಎಲ್ಲವನ್ನೂ ಸರಿ ಮಾಡಬೇಕು, ಕೇಬಲನ್ನೂ ಸ್ಪ್ರಿಂಗನ್ನೂ ಮಾತ್ರ ಇದ್ದ ಹಾಗೆಯೇ ಬಿಡಬೇಕು.

ಇಂಜಿನ್ ಜಾಮ್ ಆಗಿತ್ತು. ಕಿಕ್ಕರ್ ಮೇಲೆ ನಿಂತರೂ ಇಳಿಯಲಿಲ್ಲ. ಪ್ಲಗ್ ಬಿಚ್ಚಿ ತೂತಿನಿಂದ ಡೀಸೆಲ್ ಹೊಯ್ದು ನಾಲ್ಕು ದಿನ ಬಿಟ್ಟೆ. ಐದನೇ ದಿನ ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿದೆ. ಕೂದಲೆಳೆಯಷ್ಟು ಕದಲಿತು. ಮತ್ತೆ ಡೀಸೆಲ್, ಮತ್ತೆ ಎರಡು ದಿನ. ಆಮೇಲೆ ಬಿಟ್ಟುಕೊಟ್ಟಿತು. ಟ್ಯಾಂಕಿನೊಳಗೆ ತುಕ್ಕಿನ ಪುಡಿ. ಸಣ್ಣ ಜಲ್ಲಿ ಮತ್ತು ಸೀಮೆಎಣ್ಣೆ ಹಾಕಿ ಮಗುವನ್ನು ತೂಗುವ ಹಾಗೆ ಮೂರು ಮಧ್ಯಾಹ್ನ ಅಲ್ಲಾಡಿಸಿ ತೊಳೆದೆ. ಫೋರ್ಕು ಮತ್ತು ಹ್ಯಾಂಡಲನ್ನು ಗೋಣಿಯಲ್ಲಿ ಸುತ್ತಿ ಬಸ್ಸಿನಲ್ಲಿ ಉಡುಪಿಯ ಲೇತ್ ಅಂಗಡಿಗೆ ಕೊಂಡುಹೋದೆ. ಅಲ್ಲಿ ಮೊದಲ ಸಲ ನೇರ ಮಾಡಿದ್ದು ಸರಿಯಾಗಲಿಲ್ಲ, ಜೋಡಿಸಿದರೆ ಚಕ್ರ ಎಡಕ್ಕೆ ಎಳೆಯಿತು. ಪುನಃ ಬಿಚ್ಚಿ ಪುನಃ ಹೋದೆ. ಹ್ಯಾಂಡಲ್ ಬಿಚ್ಚುವಾಗಲೆಲ್ಲ ಎಕ್ಸಿಲೇಟರ್ ಕೇಬಲ್ಲನ್ನು ಮಡಚದೆ, ಒರೆಸದೆ, ಒಂದು ಮೊಳೆಗೆ ನೇತು ಹಾಕಿ ಇಡುತ್ತಿದ್ದೆ.

ಕಾರ್ಬುರೇಟರಿನಲ್ಲಿ ಪೆಟ್ರೋಲು ಅಂಟಾಗಿ ಜೆಟ್ಟಿನ ತೂತು ಮುಚ್ಚಿತ್ತು. ಎಷ್ಟು ತೊಳೆದರೂ ಬಿಡಲಿಲ್ಲ. ಬೇರೆ ದಾರಿಯಿಲ್ಲದೆ ಗ್ಯಾರೇಜಿಗೆ ಹೋದೆ. ಮೂರು ವರ್ಷದ ಮೇಲೆ. ಮೆಕ್ಯಾನಿಕ್ಕಿಗೆ ಕನ್ನಡಕ ಬಂದಿತ್ತು. ಅವರು ಜೆಟ್ಟನ್ನು ಬಿಚ್ಚಿ, ಹಳೆಯ ಕೇಬಲಿನ ಒಂದೇ ಎಳೆ ತಂತಿಯಿಂದ ಚುಚ್ಚಿ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ನನ್ನ ಚೀಲದಿಂದ ಸ್ಲೈಡು, ಸ್ಪ್ರಿಂಗು ತೆಗೆದರು. ಸ್ಪ್ರಿಂಗನ್ನು ಕನ್ನಡಕದ ಹತ್ತಿರ ತಂದರು. ಸುತ್ತುಗಳು ಒಂದು ಕಡೆ ಅಗಲ, ಒಂದು ಕಡೆ ಹತ್ತಿರ.

“ಇದನ್ನು ಎಳೆದದ್ದು ಯಾರು?”

“ನಾನು.”

“ಆಗಲೇನಾ?”

“ಆಗಲೇ. ಕೇಬಲ್ಲಿಗೆ ತೆಂಗಿನೆಣ್ಣೆಯನ್ನೂ ಹಾಕಿದ್ದೆ. ಹಿಂದಿನ ದಿನ.”

ಅವರು ಸ್ಪ್ರಿಂಗನ್ನು ಕೆಳಗಿಟ್ಟರು. “ಎಳೆದ ಸ್ಪ್ರಿಂಗ್ ಹದಿನೈದು ದಿನ ಚೆನ್ನಾಗಿಯೇ ಇರುತ್ತದೆ. ಆಮೇಲೆ ಮೊದಲಿಗಿಂತಲೂ ಸತ್ತುಹೋಗುತ್ತದೆ. ಇದನ್ನು ನಾನು ನಿನಗೆ ಹೇಳಿರಲಿಲ್ಲ,” ಎಂದರು.

“ಬರಲಿಕ್ಕೆ ಹೇಳಿದ್ದಿರಿ ಅಣ್ಣ. ಬರಲಿಲ್ಲ ನಾನು.”

“ತಮ್ಮನಿಗೆ ಗೊತ್ತುಂಟಾ?”

“ಇಲ್ಲ.”

ಅವರು ಒಳಗೆ ಹೋಗಿ ಒಂದು ಹೊಸ ಕೇಬಲ್, ಒಂದು ಹೊಸ ಸ್ಪ್ರಿಂಗ್, ಸಣ್ಣ ಕುಪ್ಪಿಯಲ್ಲಿ ಸ್ವಲ್ಪ ಇಂಜಿನ್ ಎಣ್ಣೆ ತಂದು ನನ್ನ ಚೀಲಕ್ಕೆ ಹಾಕಿದರು. ಹಳೆಯ ಸ್ಪ್ರಿಂಗನ್ನು ಕಸದ ಡಬ್ಬಿಗೆ ಹಾಕಲು ಹೋದವರ ಕೈಯಿಂದ ನಾನು ಅದನ್ನು ತೆಗೆದುಕೊಂಡೆ. ಯಾಕೆ ಎಂದು ಕೇಳಲಿಲ್ಲ. “ಚಳಿ ಬೀಳಲಿಕ್ಕೆ ಇನ್ನು ಒಂದು ವಾರ ಬೇಕು,” ಎಂದು ಮಾತ್ರ ಹೇಳಿದರು.

ಡಿಸೆಂಬರಿನ ಎರಡನೇ ವಾರ ಚಳಿ ಬಿತ್ತು. ಮೊದಲು ನಾನೊಬ್ಬಳೇ ಬೆಳಿಗ್ಗೆ ಹೋಗಿ ನೋಡಿದೆ. ಮೂರು ವರ್ಷದ ಹಳೆಯ ಎಣ್ಣೆ ಹಾಗೆಯೇ ಉಂಟಾ, ಒಣಗಿಹೋಗಿದೆಯಾ ಎಂಬ ಅನುಮಾನವಿತ್ತು. ಹೊಸದಾಗಿ ಒಂದು ಹನಿಯೂ ಹಾಕಿರಲಿಲ್ಲ. ಹಾಕಿದರೆ ಅದು ಮೋಸವಾಗುತ್ತಿತ್ತು. ಅರ್ಧ ತಿರುಗಿಸಿ ಕೈ ಬಿಟ್ಟೆ. ಹಿಡಿಕೆ ಅಲ್ಲಿಯೇ ನಿಂತಿತು. ಒಂದರಿಂದ ಇಪ್ಪತ್ತರವರೆಗೆ ಎಣಿಸಿದೆ. ನಿಂತೇ ಇತ್ತು. ಮಧ್ಯಾಹ್ನ ಬಿಸಿಲಿಗೆ ಹೊರಗೆ ತಂದು ಮಾಡಿದೆ. ಟಕ್.

ಮರುದಿನ ಬೆಳಿಗ್ಗೆ ತಮ್ಮ ಬಸ್ಸಿಗೆ ಹೊರಡುವ ಮೊದಲು, “ಹಿತ್ತಿಲಿಗೆ ಒಮ್ಮೆ ಬಾ,” ಎಂದೆ. ಗಾಡಿ ಎದ್ದು ನಿಂತದ್ದನ್ನು ಅವನು ಅದುವರೆಗೆ ನೋಡಿರಲಿಲ್ಲ. ದೂರದಲ್ಲೇ ನಿಂತ.

“ಎಂತಕ್ಕೆ ಅಕ್ಕ?”

“ಎಕ್ಸಿಲೇಟರ್ ತಿರುಗಿಸು. ಸ್ಟಾರ್ಟ್ ಮಾಡುವುದು ಬೇಡ. ತಿರುಗಿಸಿ ಕೈ ಬಿಡು.”

ಬಲಗೈ ಮುಂದೆ ಬಂತು, ಹಿಂದೆ ಹೋಯಿತು. ಆಮೇಲೆ ಹಿಡಿದ. ತಿರುಗಿಸಿದ. ಬಿಟ್ಟ. ಹಿಡಿಕೆ ನಿಂತಿತು. ಅವನು ತನ್ನ ಅಂಗೈ ನೋಡಿಕೊಂಡ, ಹಿಡಿಕೆ ನೋಡಿದ. ಮತ್ತೊಮ್ಮೆ ಮಾಡಿದ. ಹಿಡಿಕೆ ನಿಂತಿತು.

“ಎಂತ ಇದು?”

ಹೇಳಿದೆ. ಸ್ಪ್ರಿಂಗಿನಿಂದ ಶುರು ಮಾಡಿ ಎಲ್ಲ ಹೇಳಿದೆ. ಖಾಲಿ ಡಬ್ಬಿ, ಬೀಡಿ ಎಲೆಯ ಕೊಳವೆ, ಅಮ್ಮ ಕೊಟ್ಟ ಕುಪ್ಪಿ, ಟೈಟ್ ಉಂಟು ಎಂದು ಅವನು ಹೇಳಿದ್ದು, ಓಡುವಾಗ ಸರಿಯಾಗುತ್ತದೆ ಎಂದು ನಾನು ಹೇಳಿದ್ದು. ಅವನಿಗೆ ಆ ಬೆಳಗಿನ ಮಾತು ಯಾವುದೂ ನೆನಪಿರಲಿಲ್ಲ. ನಾನು ಹೇಳದಿದ್ದರೆ ಯಾವತ್ತೂ ಗೊತ್ತಾಗುತ್ತಿರಲಿಲ್ಲ.

“ಹಾಗಾದರೆ ನಾನು ಬಿಟ್ಟಿದ್ದೆ,” ಎಂದ. ನನ್ನ ಹತ್ತಿರ ಕೇಳಿದ್ದಲ್ಲ.

“ಬಿಟ್ಟಿದ್ದಿ.”

ಅವನು ಒಗೆಯುವ ಕಲ್ಲಿನ ಮೇಲೆ ಕೂತ. ಆರೂವರೆಯ ಬಸ್ಸಿನ ಹಾರ್ನು ಕೇಳಿಸಿತು, ಹೋಯಿತು.

“ಹೆಬ್ರಿಯಲ್ಲಿ ತಪಾಸಣೆಯಾಗುವಾಗ ನೀನು ಇದ್ದಿ ಅಲ್ವಾ?”

“ಇದ್ದೆ.”

“ಕಾರ್ಕಳದಲ್ಲಿ?”

“ಹಿಂದಿನ ಬೆಂಚಿನಲ್ಲಿದ್ದೆ.”

“ಹ್ಞೂಂ.”

“ನಾನು ಕೋರ್ಟಿಗೆ ಹೋಗಿ ಹೇಳುತ್ತೇನೆ,” ಎಂದೆ. “ಮಾವನಿಗೆ ಹೇಳುತ್ತೇನೆ. ಎಲ್ಲರಿಗೂ ಹೇಳುತ್ತೇನೆ.”

“ಅಮ್ಮನಿಗೆ?” ಎಂದ.

ಅವನು ಬಿಸಿಲು ಬರುವವರೆಗೆ ಅಲ್ಲಿಯೇ ಕೂತಿದ್ದ. ಬಿಸಿಲು ಹ್ಯಾಂಡಲಿನ ಮೇಲೆ ಬಿದ್ದು ಸಾಕಷ್ಟು ಹೊತ್ತಾದ ಮೇಲೆ ಎದ್ದು ಹೋಗಿ ಇನ್ನೊಮ್ಮೆ ತಿರುಗಿಸಿ ಬಿಟ್ಟ. ಟಕ್ ಎಂದು ಮರಳಿ ಬಂತು. ಆಗ ಅವನ ಮುಖ ಒಮ್ಮೆ ಮುದುಡಿತು. ಮೂರು ವರ್ಷದಲ್ಲಿ ಅವನು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಹತ್ತಿರ ಹೋಗಲಿಲ್ಲ. ಹೋಗುವ ಯೋಗ್ಯತೆ ನನಗಿರಲಿಲ್ಲ.

ಮುಖ ಒರೆಸಿಕೊಂಡು ಕೇಳಿದ: “ಹೊಸ ಕೇಬಲ್ ಉಂಟಾ?”

ನಾನು ಚೀಲ ತಂದು, ಸ್ಪ್ಯಾನರ್ ಹಿಡಿದು ಗಾಡಿಯ ಪಕ್ಕ ಕೂರಲು ಹೋದೆ.

“ನೀನು ಮುಟ್ಟಬೇಡ ಅಕ್ಕ,” ಎಂದ. ಸ್ವರದಲ್ಲಿ ಸಿಟ್ಟು ಇರಲಿಲ್ಲ. “ಅಲ್ಲಿ ಕೂತು ಬಾಯಲ್ಲಿ ಹೇಳು. ನಾನು ಹಾಕುತ್ತೇನೆ.”

ಒಂದು ಪ್ಲಗ್ಗನ್ನೂ ಬಿಚ್ಚಿ ಗೊತ್ತಿಲ್ಲದವನು. ನಾನು ಒಗೆಯುವ ಕಲ್ಲಿನ ಮೇಲೆ ಕೂತು ಹೇಳುತ್ತ ಹೋದೆ. ಮೊದಲು ಪೆಟ್ರೋಲ್ ಬಂದ್ ಮಾಡು. ಕಾರ್ಬುರೇಟರಿನ ಮುಚ್ಚಳ ಎಡಕ್ಕೆ ತಿರುಗಿಸು. ಸ್ಲೈಡು ಮೆಲ್ಲನೆ ಎತ್ತು, ಕೆಳಗಿನ ಸೂಜಿ ಬಾಗಬಾರದು. ಸ್ಪ್ರಿಂಗನ್ನು ಒತ್ತಿ ಹಿಡಿದು ಕೇಬಲಿನ ಗುಂಡನ್ನು ಸ್ಲೈಡಿನಿಂದ ಬಿಡಿಸು. ಹೊಸ ಸ್ಪ್ರಿಂಗು ಹಾಕುವಾಗ ಎರಡು ಸಲ ಹಾರಿ ಮಣ್ಣಿಗೆ ಬಿತ್ತು. ಅವನು ಎರಡು ಸಲವೂ ಹೆಕ್ಕಿ ಅಂಗಿಯಲ್ಲಿ ಒರೆಸಿದ. ಒಟ್ಟು ಇಪ್ಪತ್ತು ನಿಮಿಷದ ಕೆಲಸ, ಎರಡು ಗಂಟೆ ಹಿಡಿಯಿತು. ಸ್ಲೈಡಿನ ಗೀರು ಒಳಗಿನ ಪಿನ್ನಿಗೆ ಕೂರಬೇಕು, ಒತ್ತಬೇಡ, ತಾನಾಗಿ ಇಳಿಯುತ್ತದೆ ಎಂದೆ. ಇಳಿಯಿತು.

“ಎಣ್ಣೆ ಎಷ್ಟು?”

“ಎರಡು ಹನಿ.”

ಎಣಿಸಿ ಎರಡು ಹನಿ ಹಾಕಿದ.

ಹಳೆಯ ಕೇಬಲ್ಲನ್ನು ಸುತ್ತಿ, ಅದರೊಳಗೆ ಹಳೆಯ ಸ್ಪ್ರಿಂಗನ್ನು ಇಟ್ಟು, ಕಲ್ಲಿನ ಮೇಲೆ ನನ್ನ ಪಕ್ಕದಲ್ಲಿಟ್ಟ. ಕೈ ತೊಳೆದು, ಬಟ್ಟೆಯ ಚೀಲ ಒಂದನ್ನು ಟ್ಯಾಂಕಿನ ಮೇಲೆ ಕಟ್ಟಿಕೊಂಡು ಗಾಡಿ ಸ್ಟಾರ್ಟ್ ಮಾಡಿದ. ಶಿರ್ವದ ರಸ್ತೆಗೆ ತಿರುಗುವವರೆಗೆ ಸದ್ದು ಕೇಳಿಸುತ್ತಿತ್ತು. ಆ ಸಂಜೆ ಬರಲಿಲ್ಲ. ಮೆಸ್ಸಿನವರೇ ಕೊಟ್ಟ ಕೋಣೆಯಲ್ಲಿ ಉಳಿದುಕೊಂಡ. ಮರುತಿಂಗಳು ಮತ್ತೆ ಅಡಿಗೆಯ ಕೆಲಸಕ್ಕೆ ಸೇರಿದ ಎಂದು ಬೇರೆಯವರಿಂದ ತಿಳಿಯಿತು.

ಅಮ್ಮನ ತಿಥಿಯ ದಿನ ನಾನು ಮಾವನಿಗೂ ಚಿಕ್ಕಮ್ಮನಿಗೂ ಎಲ್ಲ ಹೇಳಿದೆ. ಚಿಕ್ಕಮ್ಮ ಎದ್ದು ಒಳಗೆ ಹೋದಳು. ಮಾವ ಊಟ ಮಾಡದೆ ಹೋದರು.

ತಮ್ಮ ತಿಂಗಳಿಗೆ ಒಂದು ಭಾನುವಾರ ಬರುತ್ತಾನೆ. ಅಕ್ಕ ಎಂದೇ ಕರೆಯುತ್ತಾನೆ. ನಾನು ಮಾಡಿದ್ದನ್ನು ಉಣ್ಣುತ್ತಾನೆ. ಆ ವಿಷಯ ನಾವು ಇನ್ನೊಮ್ಮೆ ಮಾತಾಡಲಿಲ್ಲ. ಗಾಡಿಯನ್ನು ಅಂಗಳಕ್ಕೆ ತರುವುದಿಲ್ಲ, ಗೇಟಿನ ಹೊರಗೆ ನಿಲ್ಲಿಸುತ್ತಾನೆ. ಈಗ ಅದರ ಎಲ್ಲ ಕೆಲಸವನ್ನೂ ಅವನೇ ಮಾಡಿಕೊಳ್ಳುತ್ತಾನಂತೆ. ಅವನ ಉಗುರಿನೊಳಗೆ ಗ್ರೀಸು ಇರುತ್ತದೆ. ಉಪ್ಪು, ಎಣ್ಣೆ ಕೊಡಲಾ ಎಂದು ಕೇಳಲು ನನಗೆ ಬಾಯಿ ಬರುವುದಿಲ್ಲ.

ಹೊರಡುವಾಗ ನಾನು ಗೇಟಿನವರೆಗೆ ಹೋಗುವುದಿಲ್ಲ. ಜಗಲಿಯಲ್ಲಿ ಬೀಡಿಯ ಮೊರ ಮಡಿಲಲ್ಲಿಟ್ಟುಕೊಂಡು ಕಿವಿಗೊಟ್ಟು ಕೂತಿರುತ್ತೇನೆ. ಅವನು ಗಾಡಿ ಹತ್ತುವ ಮೊದಲು ಎಕ್ಸಿಲೇಟರನ್ನು ಪೂರ್ತಿ ತಿರುಗಿಸಿ ಬಿಡುತ್ತಾನೆ. ಟಕ್ ಎನ್ನುತ್ತದೆ. ಇನ್ನೊಮ್ಮೆ ಬಿಡುತ್ತಾನೆ. ಆಮೇಲೆ ಕಿಕ್ ಹೊಡೆಯುತ್ತಾನೆ.